ಬೇಳೆ ತುಂಬಿದ ಹಳದಿ ಚೀಲ

'ಹೆರಿಗೆ ನಿಮ್ಮಲ್ಲೇ ಆಗಲಿ.' ಇಷ್ಟೇ ಮಾತು. ಫೋನಿನಲ್ಲಿ ಹೇಳಿಬಿಟ್ಟರೆ ಮುಗಿಯಿತು. ಆದರೆ ಯಾವಾಗ ಹೇಳುವುದು? ವಾಸಂತಿ ಎದುರಿಗಿರುವಾಗಲೋ, ಅವಳು ವಾಕಿಂಗಿಗೆ ಹೋದಾಗಲೋ? ಚೊಚ್ಚಲ ಹೆರಿಗೆಗೆ ಮಗಳನ್ನು ಕರೆಯದ ತಂದೆ ಎಂದು ಬೀಗರು ಅಂದುಕೊಳ್ಳಲಿ, ಅದನ್ನು ತಡೆದುಕೊಳ್ಳಬಹುದು. ವಾಸಂತಿ ಏನಂದುಕೊಂಡಾಳು?

ರಾಮದಾಸ ಅಡ್ಯಾರಿನ ಮನೆಯ ಬಾಲ್ಕನಿಯಲ್ಲಿ ಕೂತು ಈ ಒಂದು ವಾಕ್ಯವನ್ನು ಮನಸ್ಸಿನಲ್ಲೇ ಅತ್ತ ಇತ್ತ ತಿರುಗಿಸುತ್ತಿದ್ದ. 2004ರ ಜನವರಿ. ಮಳೆ ಕೈಕೊಟ್ಟು ಚೆನ್ನೈ ಒಣಗಿತ್ತು. ನಲ್ಲಿ ನಿಂತುಹೋಗಿತ್ತು. ಬೋರಿನ ನೀರು ಉಪ್ಪಾಗಿತ್ತು. ಕುಡಿಯುವುದಕ್ಕೆ, ಅಡುಗೆಗೆ ಎರಡು ದಿನಕ್ಕೊಮ್ಮೆ ಬರುವ ಲಾರಿ ನೀರೇ ಗತಿ. ಮನೆಯೋ ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಅಲ್ಲಿಯವರೆಗೆ ಕೊಡಗಳನ್ನು ಅವನೇ ಹೊರುತ್ತಿದ್ದ. ಈಗ ಹರ್ನಿಯಾ ಎರಡನೆಯ ಸಲ ಬಂದು ಆಪರೇಷನ್ ಆಗಿತ್ತು. ಈ ಬೇಸಿಗೆಯಲ್ಲಿ ಕೊಡ ಮುಟ್ಟಲೇಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

ಮಗಳು ಭಾವನಾಳಿಗೆ ಜೂನ್ ತಿಂಗಳಲ್ಲಿ ದಿನ ತುಂಬುತ್ತಿತ್ತು. ಕೊಯಮತ್ತೂರಿನಿಂದ ಬೀಗಿತಿ ವೆಂಕಟಲಕ್ಷ್ಮಿ ಫೋನ್ ಮಾಡಿ ಗಂಡಹೆಂಡತಿ ಇಬ್ಬರನ್ನೂ ಮೃದುವಾಗಿಯೇ ಕೇಳಿದ್ದರು. "ನಿಮ್ಮೂರಲ್ಲಿ ನೀರೇ ಇಲ್ಲವಂತೆ, ಪೇಪರಲ್ಲಿ ಓದಿದ್ವಿ. ಬಾಣಂತಿ ಮನೆ ಅಂದ್ರೆ ಎಷ್ಟು ನೀರಿದ್ರೂ ಸಾಲದು. ನೀವೇ ಯೋಚಿಸಿ, ಯುಗಾದಿ ಹೊತ್ತಿಗೆ ಹೇಳಿ."

ನೀರು ಇದೆ, ಹೊರುವವರಿಲ್ಲ. ವಾಸಂತಿಗೆ ಐವತ್ತು ವರ್ಷ. ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ, ತೂಕ ಇಳಿಸಿ ಎಂದು ಡಾಕ್ಟರಮ್ಮ ಹೇಳಿದಂದಿನಿಂದ ದಿನವೂ ಬೆಳಿಗ್ಗೆ ಬೆಸೆಂಟ್ ನಗರದ ಬೀಚಿನವರೆಗೆ ನಡೆದು ಬರುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ. ಆದರೆ ನೆಲದ ಮೇಲೆ ಕೂತು ತರಕಾರಿ ಹೆಚ್ಚಿದ ಮೇಲೆ ಗೋಡೆಗೆ ಕೈಕೊಟ್ಟು ಏಳುತ್ತಿದ್ದಳು. ಅದನ್ನು ರಾಮದಾಸ ನೋಡುತ್ತಿದ್ದ. ಅವನು ನೋಡುತ್ತಿದ್ದಾನೆ ಎಂದು ಅವಳಿಗೂ ಗೊತ್ತಿತ್ತು. ಆ ಮನೆಯಲ್ಲಿ ಇಂಥ ವಿಷಯಗಳು ಮಾತಾಗುತ್ತಿರಲಿಲ್ಲ.

"ತಣ್ಣಿ ಲಾರಿ ವಂದಾಚ್ಚು" ಎಂದು, ನೀರಿನ ಲಾರಿ ಬಂದದ್ದನ್ನು ಕೆಳಗಿನಿಂದ ವಾಚ್‌ಮ್ಯಾನ್ ತಮಿಳಿನಲ್ಲಿ ಕೂಗಿದ. ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಹಸಿರು, ಕೆಂಪು, ಹಳದಿ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಓಡಿದವು. ವಾಸಂತಿಯೂ ಸೆರಗು ಸಿಕ್ಕಿಸಿಕೊಂಡು ಇಳಿದಳು. ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಅವಳು ಮೆಟ್ಟಿಲ ಕಡೆ ತಿರುಗಿದ್ದು ಬಾಲ್ಕನಿಯಿಂದ ಕಂಡಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕೊಡ ಮೆಟ್ಟಿಲ ಮೇಲೆ ಉರುಳಿದ ಸದ್ದು, ನೀರು ಹರಿದ ಸದ್ದು.

ಅವನು ಹೊಟ್ಟೆ ಹಿಡಿದುಕೊಂಡು ಇಳಿದು ಬರುವಷ್ಟರಲ್ಲಿ ಕೆಳಮನೆಯ ಕಲಾವತಿ ಅಲ್ಲಿದ್ದರು. ಕಲಾವತಿ ಧಾರವಾಡದವರು. ಹರೆಯದಲ್ಲಿ ರೈಲ್ವೆಯ ಪರವಾಗಿ ಗುಂಡು ಎಸೆತದ ಸ್ಪರ್ಧೆಗಳಲ್ಲಿ ಆಡುತ್ತಿದ್ದವರು. ಅದೇ ಆಟದಿಂದ ಕೆಲಸ ಸಿಕ್ಕಿ, ಪೆರಂಬೂರಿನ ಕಚೇರಿಯಿಂದ ಹಿಂದಿನ ವರ್ಷ ನಿವೃತ್ತರಾಗಿದ್ದರು.

"ಪೆಟ್ಟಾತೇನ್ರೀ ವಾಸಂತಿಬಾಯಿ?"

"ಇಲ್ಲ ಕಲಾವತಿಯವರೇ. ಕೊಡ ಜಾರಿತು, ಅಷ್ಟೆ."

"ಕೊಡ ಜಾರಿಲ್ಲ. ಮೊಣಕಾಲು ಮಡಿಚ್ಯಾವ. ನಾ ಹಿಂದ ಇದ್ದೆ, ನೋಡೀನಿ."

ವಾಸಂತಿ ಉರುಳಿದ ಕೊಡವನ್ನು ನೆಟ್ಟಗೆ ನಿಲ್ಲಿಸಿದಳು. ಹರಿದುಹೋಗುತ್ತಿದ್ದ ನೀರನ್ನೇ ನೋಡಿದಳು.

ಕಲಾವತಿ ಅವಳನ್ನು ಮೇಲೆ ಕರೆದುಕೊಂಡು ಬಂದರು. ಇನ್ನೊಂದು ಕೊಡ ನೀರನ್ನೂ ತಾವೇ ತಂದಿಟ್ಟರು. ವಾಸಂತಿ ಅವರಿಗೆ ಹಾಲು ಹಾಕಿದ ಕಾಫಿ ಕೊಟ್ಟು, ತಾನು ಕರಿ ಕಾಫಿ ಹಿಡಿದು ಕೂತಳು.

"ನಿಮಗ ಹಾಲು?"

"ಬಿಟ್ಟಿದೀನಿ."

"ಮೊಸರು?"

"ಅದೂ ಬಿಟ್ಟಿದೀನಿ."

"ಬ್ಯಾಳಿ, ಕಾಳು?"

"ಅದನ್ನೂನು."

ಕಲಾವತಿ ಲೋಟ ಕೆಳಗಿಟ್ಟರು. "ಇದ್ಯಾವ ವ್ರತಾರೀ? ಚಾತುರ್ಮಾಸ್ಯ ಮುಗದು ಎಷ್ಟು ದಿನಾತು. ಕಾರ್ತೀಕದಾಗ ದೇವರೇ ಎದ್ದು ಊಟಾ ಮಾಡ್ಯಾನ, ನೀವಿನ್ನೂ ವ್ರತದಾಗ ಇದ್ದೀರಿ?"

ವಾಸಂತಿಗೆ ನಗು ಬಂತು, ನಾಚಿಕೆಯೂ ಆಯಿತು. ವಿಷಯ ಹೀಗಿತ್ತು. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಒಂದೊಂದು ತಿಂಗಳು ಒಂದೊಂದನ್ನು ಬಿಡುವುದು ಅವರ ಮನೆಯ ಪದ್ಧತಿ. ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಕೊನೆಯ ತಿಂಗಳು ಬೇಳೆಕಾಳು. ಆ ವರ್ಷ ವ್ರತ ಮುಗಿಯುವಾಗ ಅವಳ ತೂಕ ಮೂರು ಕಿಲೋ ಇಳಿದಿತ್ತು. ಆ ಸಂತೋಷದಲ್ಲಿ ಅವಳು ತರಕಾರಿಯೊಂದನ್ನು ಇಟ್ಟುಕೊಂಡು ಉಳಿದ ಮೂರನ್ನೂ ಒಟ್ಟಿಗೆ, ವ್ರತವಿಲ್ಲದ ಕಾಲದಲ್ಲಿಯೂ, ಬಿಟ್ಟುಬಿಟ್ಟಿದ್ದಳು. ಅನ್ನ ತಿಳಿಸಾರು, ಬೀಚಿನವರೆಗೆ ನಡಿಗೆ. ಇದೇ ಅವಳ ಔಷಧ.

"ಮತ್ತ ತೂಕ ಇಳೀತೇನು?"

"ಮೊದಲು ಇಳೀತು. ಆಮೇಲೆ ನಿಂತ್ಕೊಂಡಿತು. ಹೋದ ತಿಂಗಳು ಸೆಂಟ್ರಲ್ ಸ್ಟೇಷನ್ನಿನ ಮೆಷಿನ್ ಮೇಲೆ ನಿಂತೆ, ಮತ್ತೆ ಏರಿದೆ."

"ಆ ಬಣ್ಣದ ದೀಪದ ಮಿಷಿನ್ನೇನು? ಅದರ ಚೀಟಿ ಹಿಂದ ಭವಿಷ್ಯಾನೂ ಬರದಿರ್ತದ. ಅದನ್ನೂ ನಂಬ್ತೀರೇನು?" ಕಲಾವತಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಕೇಳ್ರಿ ಇಲ್ಲೆ. ನಡಿಯೋದು ಕೆಟ್ಟದ್ದಲ್ಲ. ಹೃದಯಕ್ಕ ಚಲೋ, ಸಕ್ಕರಿಗೆ ಚಲೋ, ಮನಸಿಗೂ ಚಲೋ. ಅದನ್ನ ಬಿಡಬ್ಯಾಡ್ರಿ. ಆದ್ರ ಊಟ ಕಡಿಮಿ ಮಾಡಿ, ಬ್ಯಾಳಿ ಹಾಲು ಬಿಟ್ಟು, ಬರೇ ನಡದ್ರ ಕೊಬ್ಬು ಒಂದೇ ಹೋಗಂಗಿಲ್ಲ. ಅದರ ಜೋಡಿ ಖಂಡಾನೂ, ಅಂದ್ರ ಸ್ನಾಯೂನೂ ಕರಗ್ತದ. ತಕ್ಕಡಿ ಮುಳ್ಳಿಗೆ ಯಾವುದು ಹೋತು ಅಂತ ಗೊತ್ತಾಗಂಗಿಲ್ಲ. ಅದು ಬರೇ ತೂಕ ಹೇಳ್ತದ. ನಿಮ್ಮ ಮೊಣಕಾಲು ಇವತ್ತು ಮೆಟ್ಟಲ ಮ್ಯಾಲೆ ಖರೇ ಹೇಳಿತು."

"ಹಾಗಾದ್ರೆ ಏನು ಮಾಡ್ಲಿ?"

"ಭಾರ ಎತ್ರಿ."

ಇಷ್ಟು ಹೊತ್ತು ಪೇಪರಿನ ಹಿಂದೆ ಇದ್ದ ರಾಮದಾಸ ಆಗ ತಲೆಯೆತ್ತಿದ. "ಕೊಡ ಎತ್ತಲಿಕ್ಕೆ ಆಗದವಳಿಗೆ ಭಾರ ಎತ್ತು ಅಂತೀರಲ್ಲ."

"ಎತ್ತಲಾರದವರಿಗೇ ಹೇಳಬೇಕಲ್ರೀ. ಎತ್ತೋರಿಗೆ ನಾನ್ಯಾಕ ಹೇಳ್ಲಿ? ತುಂಬಿದ ಕೊಡ ಮೊದಲ ದಿನಾನ ಯಾರೂ ಎತ್ತಬಾರದು. ಸ್ವಲ್ಪದಿಂದ ಶುರು ಮಾಡಬೇಕು."

"ಹೆಂಗಸರು ಭಾರ ಎತ್ತಿದ್ರೆ ಗಂಡಸರ ಹಾಗೆ ತೋಳು ಬರುತ್ತೆ ಅಂತಾರೆ."

"ನೀವು ಐವತ್ತಾರು ವರ್ಷದಿಂದ ಗಂಡಸರೇ ಇದ್ದೀರಿ. ನಿಮಗೆಲ್ಲಿ ಬಂದಾವ್ರೀ ತೋಳು?"

ವಾಸಂತಿ ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ಹೊರಗೆ ಚಿಮ್ಮಿತು. ಆ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕು ಬಹಳ ದಿನವಾಗಿತ್ತು. ರಾಮದಾಸ ಪೇಪರನ್ನು ಮತ್ತೆ ಎತ್ತಿಕೊಂಡ. ಓದಲಿಲ್ಲ.

"ಅಷ್ಟು ಸುಲಭಕ್ಕ ಬರಂಗಿಲ್ರೀ," ಕಲಾವತಿ ಸಮಾಧಾನವಾಗಿ ಹೇಳಿದರು. "ಹೆಣ್ಮಕ್ಕಳ ಮೈ ಹಂಗ ಉಬ್ಬಂಗಿಲ್ಲ. ನಾ ಎಷ್ಟು ವರ್ಷ ಕಬ್ಬಿಣದ ಗುಂಡು ಒಗದೀನಿ, ನನ್ನ ಕುಪ್ಪಸ ನೋಡ್ರಿ, ಎಲ್ಲಾರಂಗ ಅದ. ಖಂಡ ಗಟ್ಟಿ ಆಗ್ತದ, ಎಲುಬು ಗಟ್ಟಿ ಆಗ್ತಾವ. ಉಂಡ ಸಕ್ಕರೀನ ಆ ಖಂಡಾನೇ ಬಳಸ್ತದ. ನಡಿಗಿ ಒಂದು ಕಾಲು, ಭಾರ ಇನ್ನೊಂದು ಕಾಲು. ನೀವು ಒಂಟಿ ಕಾಲಿಲೆ ಬೀಚಿಗೆ ಹೋಗಿ ಬರಾಕತ್ತೀರಿ."

ವಾಸಂತಿ ದನಿ ತಗ್ಗಿಸಿದಳು. "ಗರ್ಭಕೋಶ ಜಾರುತ್ತೆ ಅಂತ ನಮ್ಮತ್ತೆ ಹೇಳ್ತಿದ್ರು."

"ಅದನ್ನ ನನ್ನ ಕೇಳಬ್ಯಾಡ್ರಿ, ನಾ ಡಾಕ್ಟರಲ್ಲ. ನಿಮ್ಮ ಡಾಕ್ಟರಮ್ಮನ್ನ ಕೇಳ್ರಿ. ಬಿಪಿ ನೋಡಿಸ್ರಿ. ಆಕಿ ಹೂಂ ಅಂದ್ರ ಬುಧವಾರ ಶುರು."

ಡಾಕ್ಟರಮ್ಮ ಎಲ್ಲವನ್ನೂ ಪರೀಕ್ಷೆ ಮಾಡಿದರು. ಗರ್ಭಕೋಶ ಈಗಾಗಲೇ ಜಾರಿದವರು, ಹೃದಯದ ತೊಂದರೆ ಇರುವವರು, ಹತ್ತಿರದಲ್ಲಿ ಆಪರೇಷನ್ ಆದವರು ಕೇಳದೆ ಭಾರ ಎತ್ತಬಾರದು ಎಂದರು. "ನಿಮಗೆ ಅಂಥ ಯಾವ ತೊಂದರೆಯೂ ಇಲ್ಲ. ಕಡಿಮೆಯಿಂದ ಶುರು ಮಾಡಿ. ಬೇಳೆ, ಮೊಸರು ಮೊದಲು ಶುರು ಮಾಡಿ" ಎಂದು ನಕ್ಕರು.

ಬುಧವಾರ ಸಂಜೆ ಕಲಾವತಿ ಬಂದವರೇ ನೇರವಾಗಿ ಅಡುಗೆಮನೆಗೆ ಹೋದರು. ಬಾಗಿಲ ಹಿಂದೆ ಭಾವನಾಳ ಮದುವೆಯಲ್ಲಿ ತಾಂಬೂಲ ಹಾಕಿ ಕೊಟ್ಟು ಉಳಿದಿದ್ದ ಹಳದಿ ಬಟ್ಟೆಯ ಚೀಲಗಳು ತೂಗುತ್ತಿದ್ದವು. ಒಂದೊಂದರ ಮೇಲೂ 'ಭಾವನಾ – ಉದಯ್' ಎಂದು ಕೆಂಪು ಅಕ್ಷರ. ಕಲಾವತಿ ಎರಡು ಚೀಲ ತೆಗೆದು, ಡಬ್ಬಿಯಲ್ಲಿ ಮುಟ್ಟದೆ ಉಳಿದಿದ್ದ ತೊಗರಿಬೇಳೆಯನ್ನು ಎರಡಕ್ಕೂ ಸಮನಾಗಿ ಸುರಿದು ಗಂಟು ಹಾಕಿದರು.

"ಇದು ನೀವು ಬಿಟ್ಟ ಬ್ಯಾಳಿ. ಮೊದಲ ಎತ್ರಿ, ಆಮ್ಯಾಲೆ ತಿನ್ರಿ."

ಮೊದಲು ಕುರ್ಚಿ. ಕೈ ಊರದೆ ಕೂರುವುದು, ಕೈ ಊರದೆ ಏಳುವುದು. ವಾಸಂತಿ ಎರಡನೆಯ ಸಲಕ್ಕೇ ಕುರ್ಚಿಯ ತೋಳು ಹಿಡಿದಳು. "ಪರವಾಗಿಲ್ಲ, ದಿಂಬು ಹಾಕಿ ಎತ್ತರ ಮಾಡೋಣು" ಎಂದರು ಕಲಾವತಿ. ಆಮೇಲೆ ಗೋಡೆ. ಅಂಗೈ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು. ಆಮೇಲೆ ಹಳದಿ ಚೀಲ. ಬೆನ್ನು ಬಗ್ಗಿಸದೆ ಮಂಡಿ ಮಡಿಸಿ ನೆಲದಿಂದ ಎತ್ತುವುದು, ಮೊಣಕೈ ಹಿಂದಕ್ಕೆ ಎಳೆದು ಪಕ್ಕೆಗೆ ತರುವುದು, ಮೆಲ್ಲಗೆ ಇಳಿಸುವುದು.

"ಉಸಿರು ಹಿಡೀಬ್ಯಾಡ್ರಿ. ಎತ್ತುವಾಗ ಬಿಡ್ರಿ. ಮಾತಾಡ್ರಿ ಬೇಕಾದ್ರ."

"ಏನು ಮಾತಾಡ್ಲಿ?"

"ನಿಮ್ಮ ಗಂಡನ್ನ ಬೈರಿ. ಶಕ್ತಿ ತಾನ ಬರ್ತದ."

ಒಂದು ದಿನ ಬಿಟ್ಟು ಒಂದು ದಿನ ಭಾರ, ನಡುವಿನ ದಿನ ಬೀಚು. ಅನ್ನದ ರಾಶಿ ಸ್ವಲ್ಪ ತಗ್ಗಿತು. ಕಾಫಿಗೆ ಹಾಲು ಮರಳಿತು, ಸಕ್ಕರೆ ಮರಳಲಿಲ್ಲ. ಬೆಳಿಗ್ಗೆ ಮೊಳಕೆ ಹೆಸರುಕಾಳು, ಮಧ್ಯಾಹ್ನ ಗಟ್ಟಿ ಬೇಳೆಯ ಹುಳಿ, ರಾತ್ರಿ ಮೊಸರು. ಮೊದಲ ವಾರ ತೊಡೆ ನೋವು. "ಖಂಡ ನೋಯೋದು ಎರಡು ದಿನ ಇದ್ದು ಹೋಗ್ತದ, ಹೆದರಬ್ಯಾಡ್ರಿ. ಕೀಲು ಚುಚ್ಚಿದಂಗ ಆದ್ರ ಅಲ್ಲೇ ನಿಲ್ಲಸ್ರಿ" ಎಂದಿದ್ದರು ಕಲಾವತಿ. ಚುಚ್ಚಲಿಲ್ಲ. ಬೇಳೆಯ ಚೀಲ ಹಗುರವೆನಿಸಿದಾಗ ಅದಕ್ಕೆ ಅಕ್ಕಿ ಸೇರಿತು.

ಆದರೆ ಒಂದು ತಿಂಗಳಾದ ಮೇಲೆ ಡಾಕ್ಟರಮ್ಮನ ತೂಕದ ಯಂತ್ರದ ಮುಳ್ಳು ಇದ್ದಲ್ಲೇ ಇತ್ತು. ವಾಸಂತಿ ಮನೆಗೆ ಬಂದು ಮಂಚದ ತುದಿಯಲ್ಲಿ ಕೂತಳು. ಚೀಲ ಮೂಲೆಯಲ್ಲಿತ್ತು.

"ಇಷ್ಟು ಮಾಡಿದ್ದೆಲ್ಲ ವೇಸ್ಟಾ?" ಎಂದಳು. ಯಾರನ್ನು ಕೇಳಿದಳೋ ತಿಳಿಯಲಿಲ್ಲ.

ರಾಮದಾಸನ ನಾಲಿಗೆಯ ತುದಿಗೆ ಆ ವಾಕ್ಯ ಬಂತು. ಈಗಲೇ ಹೇಳಿದರೆ ಅವಳಿಗೂ ಬಿಡುಗಡೆ, ತನಗೂ ಬಿಡುಗಡೆ. ಅವನು ಬಾಯಿ ತೆರೆಯುವಷ್ಟರಲ್ಲಿ ಕಲಾವತಿ ಹೊಲಿಗೆಯ ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೊದಲ ದಿನ ವಾಸಂತಿಯ ಸೊಂಟದ ಅಳತೆಗೆ ಅವರು ಟೇಪಿನ ಮೇಲೆ ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದರು. ಈಗ ಮತ್ತೆ ಸುತ್ತಿದರು. ಆ ಗೆರೆ ಬೆರಳಗಲಕ್ಕಿಂತ ಹೆಚ್ಚು ಆಚೆ ಉಳಿಯಿತು.

"ಇದು ಎಲ್ಲಿ ಹೋತ್ರೀ? ಕೊಬ್ಬು ಇಳದದ, ಖಂಡ ಕೂಡೇದ. ಅದಕ್ಕ ಮುಳ್ಳು ಸುಮ್ಮನ ಕೂತದ. ಲಂಗದ ಲಾಡಿ ನೋಡ್ರಿ, ಎಷ್ಟು ಉದ್ದ ಜೋತು ಬಿದ್ದದ."

ವಾಸಂತಿ ನೋಡಿಕೊಂಡಳು. ನಿಜ. ಅವಳ ಮುಖದಲ್ಲಿ ಏನೋ ಹೊತ್ತಿಕೊಂಡಿತು. ಆಗಲೇ ಎದ್ದಳು. ಎದ್ದ ಮೇಲೆ ಅವಳಿಗೇ ಹೊಳೆಯಿತು, ತಾನು ಮಂಚಕ್ಕೆ ಕೈ ಊರಿರಲಿಲ್ಲ.

"ಏನ್ರೀ, ನೋಡಿದ್ರಾ?"

"ಹೂಂ" ಎಂದ ರಾಮದಾಸ.

ಮರುದಿನ ಪ್ಯಾರೀಸ್ ಕಾರ್ನರಿನ ತನ್ನ ವಿಮಾ ಕಚೇರಿಯಿಂದ ಅವನು ತಡವಾಗಿ ಬಂದ. ಕೈಯಲ್ಲಿ ಮುಚ್ಚಳವಿರುವ ಎರಡು ಸಣ್ಣ ಪ್ಲಾಸ್ಟಿಕ್ ಕ್ಯಾನು. ಸಗಟು ಅಂಗಡಿಗಳ ಓಣಿಯಲ್ಲಿ ಎತ್ತಿ ನೋಡಿ, ಹಿಡಿ ಕೈಗೆ ಕೊರೆಯದಂಥದನ್ನು ಆರಿಸಿ ತಂದಿದ್ದ. ಒಂದೇ ಸೊಂಟಕ್ಕೆ ಕೊಡದ ಭಾರ ಬೀಳುವುದಕ್ಕಿಂತ ಎರಡು ಕೈಗೂ ಸಮನಾಗಿ ಹಂಚಿದರೆ ಒಳ್ಳೆಯದು ಎಂದು ಕಲಾವತಿ ಹೇಳಿದ್ದನ್ನು ಅವನು ಪೇಪರಿನ ಹಿಂದಿನಿಂದ ಕೇಳಿಸಿಕೊಂಡಿದ್ದ. ಕ್ಯಾನುಗಳನ್ನು ಹಳದಿ ಚೀಲಗಳ ಪಕ್ಕ ಇಟ್ಟು ಕಾಲು ತೊಳೆಯಲು ಹೋದ. ಆ ರಾತ್ರಿ ಅವನ ತಟ್ಟೆಗೆ ತುಪ್ಪ ಸ್ವಲ್ಪ ಹೆಚ್ಚಾಗಿ ಬಿತ್ತು.

ಅಷ್ಟು ದಿನ ಮೇಲಕ್ಕೆ ನೀರು ತಂದಿಡುತ್ತಿದ್ದವರು ಕಲಾವತಿ. ಮುಂದಿನ ಲಾರಿಗೆ ವಾಸಂತಿಯೇ ಕ್ಯಾನುಗಳನ್ನು ಕಾಲುಭಾಗ ತುಂಬಿಸಿಕೊಂಡು ಬಂದಳು. ಆಮೇಲೆ ಅರ್ಧ. ಮೆಟ್ಟಿಲ ತಿರುವಿನಲ್ಲಿ ನಿಂತು ಸುಧಾರಿಸಿಕೊಂಡು ಹತ್ತುವಳು. ಇದನ್ನು ಕೇಳಿ, ಅಮ್ಮ ನಿಜಕ್ಕೂ ಭಾರ ಎತ್ತುತ್ತಾಳೆಯೇ ಎಂದು ಭಾವನಾ ಫೋನಿನಲ್ಲಿ ಕಿರುಚಿದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ತಮಿಳು. "ಅಮ್ಮಾ, ನೀ ವೆಯ್ಟ್ ತೂಕ್ಕರಿಯಾ? ನಿಜಮಾವಾ? ಸೂಪರ್ ಮಾ!"

"ನೀನು ಎತ್ತಬೇಡ, ಡಾಕ್ಟರ್ ಹೇಳಿದಷ್ಟು ಮಾತ್ರ ನಡೆದಾಡು" ಎಂದಳು ವಾಸಂತಿ. "ನಿಂದೂ ಸೇರಿಸಿ ನಾನು ಎತ್ತುತೀನಿ."

ಯುಗಾದಿಯ ಬೆಳಿಗ್ಗೆ. ಬಾಗಿಲಿಗೆ ಮಾವಿನೆಲೆ, ಒಲೆಯ ಮೇಲೆ ಹೂರಣದ ಕಡಲೆಬೇಳೆ. ಫೋನ್ ರಿಂಗಾಯಿತು. ಅದೇ ಹೊತ್ತಿಗೆ ಬೀದಿಯಲ್ಲಿ ಲಾರಿಯ ಹಾರನ್ನು. ವಾಸಂತಿ ಕ್ಯಾನು ಹಿಡಿದು ಇಳಿದುಹೋದಳು. ರಾಮದಾಸ ಫೋನ್ ಎತ್ತಿದ.

"ಹಬ್ಬದ ಶುಭಾಶಯ ಬೀಗರೇ," ವೆಂಕಟಲಕ್ಷ್ಮಿಯ ದನಿ. "ಆ ವಿಷಯ ಯೋಚಿಸಿದ್ರಾ?"

ಯೋಚಿಸಿದ್ದ. ತಿಂಗಳುಗಟ್ಟಲೆ ಯೋಚಿಸಿದ್ದ. ಅವನು ಫೋನ್ ಕಿವಿಗೆ ಹಿಡಿದೇ ಬಾಗಿಲ ಕಡೆ ತಿರುಗಿದ. ಕೆಳಗೆ ನೀರು ಬೀಳುವ ಸದ್ದು, ಹೆಂಗಸರ ಗಲಾಟೆ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಅದು ಮೊದಲ ತಿರುವಿಗೆ ಬಂತು. ಅಲ್ಲಿ ಅವಳು ನಿಲ್ಲುತ್ತಾಳೆ, ಯಾವಾಗಲೂ ನಿಲ್ಲುತ್ತಾಳೆ. ಹೆಜ್ಜೆ ನಿಲ್ಲಲಿಲ್ಲ. ಎರಡನೆಯ ತಿರುವಿನಲ್ಲಿಯೂ ನಿಲ್ಲಲಿಲ್ಲ. ಅದೇ ಲಯದಲ್ಲಿ ಮೇಲೆ ಬಂತು.

"ಹಲೋ, ಬೀಗರೇ, ಇದೀರಾ?"

"ಇದೀನಿ. ಒಂದು ನಿಮಿಷ."

ವಾಸಂತಿ ಒಳಗೆ ಬಂದಳು. ಎರಡು ಕೈಯಲ್ಲೂ ತುಂಬಿದ ಕ್ಯಾನು. ಮಂಡಿ ಮಡಿಸಿ, ಬೆನ್ನು ನೆಟ್ಟಗೆ ಇಟ್ಟು, ಸದ್ದಾಗದ ಹಾಗೆ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ಫೋನಿಗೆ ಕೈ ಚಾಚಿದಳು. ಅವನು ಕೊಟ್ಟ.

"ವೆಂಕಟಲಕ್ಷ್ಮಿಯವರೇ, ಕಳಿಸಿಕೊಡಿ ಅವಳನ್ನ. ನೀರಿಗೆ ನಾನಿದೀನಿ... ಇಲ್ಲಪ್ಪಾ, ಆಳಿಲ್ಲ, ನಾನೇ ತರೋದು. ಎರಡು ಮಹಡಿ... ಹೂಂ, ಈಗ ತಾನೇ ತಂದೆ, ನನ್ನ ಏದುಸಿರು ಕೇಳಿಸ್ತಾ ಇದೆಯಾ ನಿಮಗೆ?"

ಆ ತುದಿಯಿಂದ ನಗು ಕೇಳಿಸಿತು.

ಜೂನ್ ತಿಂಗಳಲ್ಲಿ ಆ ಮನೆಗೆ ಹೆಣ್ಣುಮಗು ಬಂತು. ಅಷ್ಟರಲ್ಲಿ ವಾಸಂತಿಯ ತೂಕವೂ ಇಳಿಯಲು ಶುರುವಾಗಿ, ಐದು ಕಿಲೋ ಕಡಿಮೆಯಾಗಿತ್ತು. ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು. ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊಮ್ಮಗಳನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವಳು. ಸ್ನಾನ ಮುಗಿದ ಮೇಲೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಮೇಲೇಳುವಳು. ಎರಡು ಕೈಯೂ ಮಗುವಿನ ಮೇಲೆಯೇ ಇರುತ್ತಿದ್ದವು. ಪಕ್ಕದಲ್ಲಿ ಗೋಡೆ ಇತ್ತು. ಅದು ಅವಳಿಗೆ ಬೇಕಾಗಲಿಲ್ಲ.

ಅಕ್ಕಂದಿರೇ, ತಾಯಂದಿರೇ, ನೀವು ದಿನವೂ ನಡೆಯುತ್ತಿದ್ದರೆ ಬಹಳ ಒಳ್ಳೆಯದು, ನಡೆಯುತ್ತಲೇ ಇರಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ವಾರದಲ್ಲಿ ಎರಡು ಮೂರು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಅದಕ್ಕೆ ಜಿಮ್ ಬೇಕಿಲ್ಲ. ಒಂದು ಕುರ್ಚಿ, ಒಂದು ಗೋಡೆ, ಬೇಳೆ ತುಂಬಿದ ಒಂದು ಚೀಲ ಸಾಕು. ಕಡಿಮೆ ಭಾರದಿಂದ ಶುರು ಮಾಡಿ ಮೆಲ್ಲಗೆ ಹೆಚ್ಚಿಸಿ. ತೂಕ ಇಳಿಸುವ ಆಸೆಗೆ ಬೇಳೆ, ಕಾಳು, ಹಾಲು, ಮೊಸರು ಬಿಡಬೇಡಿ. ತಕ್ಕಡಿಯ ಮುಳ್ಳನ್ನೇ ನಂಬದೆ ಸೊಂಟದ ಅಳತೆಯನ್ನೂ ನೋಡಿ. ಬಿಪಿ, ಹೃದಯದ ತೊಂದರೆ, ಕೀಲುನೋವು, ಗರ್ಭಕೋಶದ ತೊಂದರೆ ಇದ್ದವರು, ಬಸುರಿಯರು, ಬಾಣಂತಿಯರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಮನೆಯ ಗಂಡಸರಿಗೂ ಒಂದು ಮಾತು: ನಿಮ್ಮ ಮನೆಯಾಕೆ ನೆಲದಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದರೆ ಸುಮ್ಮನೆ ನೋಡುತ್ತ ಕೂರಬೇಡಿ. ಆ ಚೀಲವನ್ನು ಇವತ್ತೇ ತುಂಬಿಸಿ ಕೊಡಿ.

ಹೆರಿಗೆ ನಿಮ್ಮಲ್ಲೇ ಆಗಲಿ ಎಂಬ ಮಾತನ್ನು ರಾಮದಾಸ ಬೀಗರಿಗೆ ಹೇಳಲಿಲ್ಲ. ಹೇಳಬೇಕೆಂದಿದ್ದೆ ಎಂದು ವಾಸಂತಿಗೂ ಎಂದೂ ಹೇಳಲಿಲ್ಲ.